ಕುರಿ ಯೋಚಿಸುತ್ತಿದೆ, ತಾಳಿ

ಶಾನ್ ಏನಾದರೂ ಕಿತಾಪತಿ ಶುರುಮಾಡುವ ಮುನ್ನ ಒಂದು ಗಳಿಗೆ ಸುಮ್ಮನೆ ನಿಂತುಬಿಡುತ್ತಾನೆ. ನೀವೂ ಗಮನಿಸಿರಬಹುದು. ‘ಶಾನ್ ದ ಶೀಪ್’ ಸರಣಿಯ ಮೊಟ್ಟಮೊದಲ ಕಂತಿನಲ್ಲಿ ಕುರಿಗಳ ಹುಲ್ಲುಗಾವಲಿಗೆ ಒಂದು ಎಲೆಕೋಸು ಬಂದು ಬೀಳುತ್ತದೆ. ಮಂದೆಯ ಪಾಲಿಗೆ ಅದು ಮೇವು, ಅಷ್ಟೆ. ಶಾನ್ ಕೈಗೆ ಸಿಕ್ಕಮೇಲೆ ಅದು ಚೆಂಡು, ಬಯಲೆಲ್ಲ ಫುಟ್‌ಬಾಲ್ ಮೈದಾನ. ಪಂದ್ಯ ಸೊಗಸಾಗಿದೆ, ಹೊಟ್ಟೆ ತುಂಬ ನಗಿಸುತ್ತದೆ. ಆದರೂ ಆ ಕುರಿಯ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಓಟ, ಜಿಗಿತ, ಗೋಲುಗಳಿಂದಲ್ಲ. ಎಲ್ಲಕ್ಕೂ ಮುಂಚೆ ಅವನು ನೋಡುತ್ತಾನೆ, ರೆಪ್ಪೆ ಬಡಿಯುತ್ತಾನೆ, ಒಳಗೆ ಏನೋ ಹೊಳೆಯುತ್ತದೆ. ಹೊಳೆದದ್ದು ನಮಗೆ ಹೊರಗಿನಿಂದಲೇ ಕಾಣುತ್ತದೆ. ಒಂದು ಜೀವ ಯೋಚಿಸುವುದನ್ನು ಕಣ್ಣಾರೆ ಕಂಡಮೇಲೆ ಅದನ್ನು ಹಚ್ಚಿಕೊಳ್ಳದೆ ಇರುವುದು ಕಷ್ಟ.

ಈ ಬೊಂಬೆ ಅನಿಮೇಷನ್ ಸರಣಿ ಶುರುವಾದದ್ದು 2007ರಲ್ಲಿ, ಬಿಬಿಸಿಯ ಮಕ್ಕಳ ವಾಹಿನಿಯಲ್ಲಿ. ಮಾಡಿದವರು ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಆರ್ಡ್‌ಮನ್ ಸ್ಟುಡಿಯೋದವರು. ಶಾನ್ ಅದಕ್ಕೂ ಹಿಂದೆಯೇ, 1995ರಲ್ಲಿ, ಅದೇ ಸ್ಟುಡಿಯೋದ ನಿಕ್ ಪಾರ್ಕ್ ಅವರ ‘ಎ ಕ್ಲೋಸ್ ಶೇವ್’ ಎಂಬ ಕಿರುಚಿತ್ರದಲ್ಲಿ ಚಿಕ್ಕ ಪಾತ್ರವಾಗಿ ಬಂದುಹೋಗಿದ್ದ. ಅಲ್ಲಿ ಕಥೆ ವಾಲೆಸ್ ಎಂಬಾತನದು ಮತ್ತು ಅವನ ನಾಯಿ ಗ್ರಾಮಿಟ್‌ನದು, ಕುರಿ ಬರೀ ನೆಂಟ. ನೆಂಟನಿಗೆ ಸ್ವಂತ ಮನೆ ಕಟ್ಟಿಕೊಟ್ಟ ಮೇಲೆ ಮಾಸಿ ಬಾಟಮ್ ಎಂಬ ಫಾರ್ಮು ಹುಟ್ಟಿತು. ಅಲ್ಲಿ ಒಬ್ಬ ರೈತ, ಬಿಟ್ಜರ್ ಎಂಬ ನಾಯಿ, ಒಂದು ಮಂದೆ ಕುರಿ, ಬೇಲಿಯಾಚೆ ತಂಟೆಕೋರ ಹಂದಿಗಳು. ಒಂದೊಂದು ಕಂತೂ ಸುಮಾರು ಏಳು ನಿಮಿಷ. ಯಾರೂ ಒಂದು ಮಾತೂ ಆಡುವುದಿಲ್ಲ. ಕುರಿಗಳು ಬ್ಯಾ ಅನ್ನುತ್ತವೆ, ನಾಯಿ ಗುರುಗುಟ್ಟುತ್ತದೆ, ರೈತ ಕೂಡ ಗೊಣಗುತ್ತಾನೆಯೇ ಹೊರತು ಅವನ ಬಾಯಿಂದ ಒಂದು ಪದ ಬಿಡಿಸಿ ಕೇಳಿಸುವುದಿಲ್ಲ.

ಆ ರೆಪ್ಪೆ ಬಡಿಯುವ ವಿಷಯಕ್ಕೆ ಬರೋಣ, ಅದರಲ್ಲಿ ಬಹಳ ಇದೆ. ಬ್ರಿಟನ್ನಿನ ಟೀವಿಗೆ ಸೆಕೆಂಡಿಗೆ 25 ಚಿತ್ರ ಬೇಕು. ಏಳು ನಿಮಿಷಕ್ಕೆ ಲೆಕ್ಕ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಒಂದೇ ಭಂಗಿಯನ್ನು ಎರಡೆರಡು ಸಲ ಕ್ಲಿಕ್ ಮಾಡಿ ಅರ್ಧ ಕೆಲಸ ಉಳಿಸಿಕೊಂಡರೂ ಐದು ಸಾವಿರ ಸಲ ಯಾರಾದರೂ ಸೆಟ್ಟಿನೊಳಗೆ ಬಾಗಿ, ಬೊಂಬೆಯ ಕಾಲನ್ನು ಕೂದಲೆಳೆಯಷ್ಟು ಸರಿಸಿ, ಹಿಂದೆ ಬಂದು ಕ್ಯಾಮೆರಾ ಒತ್ತಬೇಕು. ಬೊಂಬೆಯ ಮೈಯೊಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ ಇರುತ್ತದೆ. ಕಣ್ಣು ಎಂದರೆ ಬಿಳಿ ಮಣಿ. ಕಪ್ಪು ಪಾಪೆಯ ನಡುವೆ ಸಣ್ಣದೊಂದು ತೂತು. ಅದರಲ್ಲಿ ಪಿನ್ನಿನ ತುದಿ ಸಿಕ್ಕಿಸಿ ಮಣಿಯನ್ನು ತುಸುವೇ ತಿರುಗಿಸಿದರೆ ಕುರಿ ಎಡಗಡೆ ನೋಡಿತು ಅಂತ ಅರ್ಥ. ರೆಪ್ಪೆಗಳು ಬೇರೆ ಚೂರುಗಳು, ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಒಂದು ತೆಗೆದು ಇನ್ನೊಂದು ಇಡುವುದು.

ಈ ಬಗೆಯ ಕೆಲಸದಲ್ಲಿ ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಓಡುವ ಬೊಂಬೆಯಲ್ಲಿ ಜೀವ ತಾನಾಗಿ ಕಾಣುತ್ತದೆ. ಅದೇ ಬೊಂಬೆ ಒಂದು ಸೆಕೆಂಡು ಅಲುಗಾಡದೆ ನಿಂತರೆ ಸಾಕು, ಪ್ರಾಣ ಹೋಯಿತು, ಮೇಜಿನ ಮೇಲಿನ ಆಟಿಕೆ ಆಯಿತು. ಹಾಗಾಗಿ ಯೋಚಿಸುತ್ತ ನಿಂತ ಶಾನ್‌ಗೆ ಎಲ್ಲೋ ಒಂದು ರೆಪ್ಪೆ ಬಡಿತ, ಕಿವಿಯ ಒಂದು ಅದುರು, ತಲೆಯ ಒಂದಿಷ್ಟೇ ವಾಲುವಿಕೆ ಕೊಡಬೇಕು. ಹೆಚ್ಚು ಕೊಟ್ಟರೆ ಚಡಪಡಿಸಿದ ಹಾಗೆ, ಕಡಿಮೆ ಕೊಟ್ಟರೆ ಸತ್ತ ಹಾಗೆ. ಎಷ್ಟು ಕೊಡಬೇಕು ಅನ್ನುವುದನ್ನು ಕಂಡುಕೊಳ್ಳಲು ಅಲ್ಲಿನ ಅನಿಮೇಟರುಗಳು ಮೊದಲು ತಾವೇ ಕುರಿಯಾಗಿ, ನಾಯಿಯಾಗಿ ನಟಿಸಿ ಅದನ್ನು ವಿಡಿಯೋ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನು ಬೊಂಬೆಯ ಮೈಗೆ ಇಳಿಸುತ್ತಾರೆ. ನಾವು ಪರದೆಯ ಮೇಲೆ ನೋಡುವ ಆ ಪುಟ್ಟ ಹಿಂಜರಿಕೆ ಯಾರೋ ಒಬ್ಬರ ಸ್ವಂತ ಭುಜ, ಕತ್ತುಗಳಲ್ಲಿ ಹುಟ್ಟಿದ್ದು. ಅದು ಗೊತ್ತಾದ ಮೇಲೆ ನನಗೆ ಶಾನ್ ಇನ್ನೂ ಹತ್ತಿರದವನಾದ.

ಇಂಥ ಬೊಂಬೆಗಳಿಗೆ ಬಳಸುವ ಮಣ್ಣಿನ ಕಥೆಯೂ ಚೆನ್ನಾಗಿದೆ. ನಮ್ಮ ಮಕ್ಕಳು ಕ್ಲೇ ಅನ್ನುವ ಪ್ಲಾಸ್ಟಿಸಿನ್ ಅನ್ನು 1897ರಲ್ಲಿ ಕಂಡುಹಿಡಿದವರು ವಿಲಿಯಂ ಹಾರ್ಬಟ್, ಬ್ರಿಸ್ಟಲ್‌ಗೆ ಹತ್ತಿರದ ಬಾತ್ ಪಟ್ಟಣದ ಚಿತ್ರಕಲೆಯ ಮೇಷ್ಟ್ರು. ತಮ್ಮ ವಿದ್ಯಾರ್ಥಿಗಳು ಮಾಡಿದ ಮೂರ್ತಿಗಳು ಬೇಗ ಒಣಗಿ ಬಿರುಕು ಬಿಡಬಾರದು, ತಪ್ಪಾದರೆ ಮತ್ತೆ ತಿದ್ದುವಂತಿರಬೇಕು ಎಂದು ಒಣಗದ ಮಣ್ಣು ಮಾಡಿದರು. ಎಂಬತ್ತು ವರ್ಷದ ಮೇಲೆ, 1977ರಲ್ಲಿ, ಅದೇ ಸೀಮೆಯಲ್ಲಿ ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಎಂಬ, ಆರ್ಡ್‌ಮನ್ ಕಟ್ಟಿದ ಶಾಲಾ ದಿನಗಳ ಸ್ನೇಹಿತರು ಆ ಮಣ್ಣಿನಿಂದ ಮಾರ್ಫ್ ಎಂಬ ಕಂದು ಬಣ್ಣದ ಗೇಣುದ್ದದ ಮನುಷ್ಯನನ್ನು ಮಾಡಿ ಟೀವಿಗೆ ತಂದರು. ಮಾರ್ಫ್ ಕೂಡ ಅರ್ಥವಾಗುವ ಭಾಷೆ ಆಡುತ್ತಿರಲಿಲ್ಲ, ಏನೋ ಬಡಬಡಿಸುತ್ತಿದ್ದ. ಆರ್ಡ್‌ಮನ್‌ನವರ ಈ ಮಾತಿಲ್ಲದ ರೀತಿ ಆಗಿನಿಂದ ಬಂದದ್ದು.

ಅವರ ಹಳೆಯ ಚಿತ್ರಗಳಲ್ಲಿ ಪಾತ್ರಗಳ ಕೆನ್ನೆ, ಹಣೆಯ ಮೇಲೆ ಬೆರಳಚ್ಚು ಕಾಣುತ್ತದೆ. ಉಜ್ಜಿ ನುಣುಪು ಮಾಡಬಹುದಿತ್ತು, ಮಾಡಲಿಲ್ಲ. ಮಾಡದೆ ಇದ್ದದ್ದೇ ಸರಿ. ಬೆರಳು ತಾಗಿದೆ ಅನ್ನುವುದು ಕಾಣುತ್ತಿದ್ದರೆ ನಾವು ಆ ಪಾತ್ರವನ್ನು ಮುಟ್ಟಿದಷ್ಟೇ ಹತ್ತಿರ ಬರುತ್ತೇವೆ. ಕಂಪ್ಯೂಟರಿನಲ್ಲಿ ಮಾಡಿದ ಎಷ್ಟೋ ಚಿತ್ರಗಳನ್ನು ನಾನು ಇಷ್ಟಪಟ್ಟು ನೋಡಿದ್ದೇನೆ, ಅವುಗಳ ಕೂದಲು, ನೀರು, ಬೆಳಕು ಬೆರಗು ಹುಟ್ಟಿಸುತ್ತವೆ. ಕೈ ಚಾಚಿ ಗಲ್ಲ ಹಿಂಡಬೇಕು ಅನ್ನಿಸುವುದು ಮಾತ್ರ ಈ ಮಣ್ಣಿನ ಮುಖಗಳನ್ನು ಕಂಡಾಗ. 2005ರ ಅಕ್ಟೋಬರಿನಲ್ಲಿ ಸ್ಟುಡಿಯೋದ ಉಗ್ರಾಣಕ್ಕೆ ಬೆಂಕಿ ಬಿದ್ದು ಹೀಗೆ ಕೈಯಾರೆ ಮಾಡಿದ ಹಳೆಯ ಸೆಟ್ಟುಗಳು, ಬೊಂಬೆಗಳು ಸುಟ್ಟುಹೋದವು. ಎರಡು ದಿನ ಮೊದಲಷ್ಟೇ ಕಾಶ್ಮೀರದ ಕಡೆ ಭಾರೀ ಭೂಕಂಪವಾಗಿತ್ತು. ಅಲ್ಲಿನ ಸಾವುನೋವಿನ ಮುಂದೆ ನಮ್ಮದು ದೊಡ್ಡ ಮಾತಲ್ಲ ಎಂಬ ಅರ್ಥದಲ್ಲಿ ನಿಕ್ ಪಾರ್ಕ್ ಅಂದು ಹೇಳಿದರು. ಇಂಥ ಮನಸ್ಸಿನವರು ಮಾಡಿದ ಕುರಿ ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ.

ಬಾಯಿ ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದನ್ನು ಅವರು ಕಲಿತದ್ದು ಗ್ರಾಮಿಟ್ ನಾಯಿಯಿಂದ. ಮೊದಲು ಅವನಿಗೆ ದನಿ ಕೊಡುವ ಆಲೋಚನೆ ಇತ್ತಂತೆ. 1989ರ ‘ಎ ಗ್ರ್ಯಾಂಡ್ ಡೇ ಔಟ್’ ಚಿತ್ರ ಮಾಡುವಾಗ ಒಂದು ದೃಶ್ಯದಲ್ಲಿ ವಾಲೆಸ್ ಬಾಗಿಲೊಂದನ್ನು ಗ್ರಾಮಿಟ್‌ನ ಬೆನ್ನ ಮೇಲಿಟ್ಟು ಗರಗಸ ಆಡಿಸುತ್ತಾನೆ. ನಾಯಿಯ ಹುಬ್ಬನ್ನು ಸ್ವಲ್ಪ ಸರಿಸಿದ್ದಷ್ಟೆ, ಅದರ ಬೇಸರ, ಸೈರಣೆ, ಯಜಮಾನನ ಮೇಲಿನ ಪ್ರೀತಿ ಮೂರೂ ಬಂದುಬಿಟ್ಟವು. ಬಾಯಿಯ ಅಗತ್ಯವೇ ಉಳಿಯಲಿಲ್ಲ. ಶಾನ್‌ಗೆ ಬಾಯಿ ಇದೆ, ಬೇಕಾದಾಗ ಮುಖದ ಒಂದು ಮಗ್ಗುಲಿಗೆ ಕಾಣಿಸಿಕೊಳ್ಳುತ್ತದೆ. ಅವನ ಮುಖ್ಯ ಕೆಲಸವೆಲ್ಲ ಕಣ್ಣಿನದೇ.

ಮಾತಿಲ್ಲದ್ದರಿಂದ ಇನ್ನೊಂದು ಉಪಕಾರ ಆಗಿದೆ. ಡಲ್ಲಾಸಿನಲ್ಲಿ ಬೆಳೆಯುತ್ತಿರುವ ನನ್ನ ತಂಗಿಯ ಮಗ ಬೇಸಿಗೆ ರಜೆಗೆ ಬಂದಿದ್ದ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ನಮ್ಮಮ್ಮನಿಗೆ ಇಂಗ್ಲಿಷ್ ಬಾರದು. ಮಧ್ಯಾಹ್ನ ಊಟ ಆದಮೇಲೆ ಇಬ್ಬರೂ ಶಾನ್ ಮುಂದೆ ಕೂತರೆ ಯಾರೂ ಯಾರಿಗೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ನಗು ಒಟ್ಟಿಗೇ ಬರುತ್ತಿತ್ತು. ಹುಡುಗ ಶಾನ್ ಕಡೆ, ಅಮ್ಮ ಬಿಟ್ಜರ್ ಕಡೆ. ತಲೆಗೆ ಉಣ್ಣೆ ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಹಲಗೆ ಹಿಡಿದು ಬೆಳಗಾದರೆ ಕುರಿ ಎಣಿಸುವ ಆ ನಾಯಿಯನ್ನು ನೋಡಿ, ಮಲೆನಾಡಿನ ಕಾಫಿ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ಅಮ್ಮ, “ಪಾಪ, ಇದು ಥೇಟ್ ನಮ್ಮ ತೋಟದ ರೈಟ್ರ ಪಾಡು ಕಣೋ. ಸಾಹುಕಾರ್ರು ಬಯ್ಯೋದೂ ಇವನಿಗೇ, ಆಳುಗಳು ಆಟ ಆಡಿಸೋದೂ ಇವನನ್ನೇ” ಅಂದರು. ಮೊಮ್ಮಗನಿಗೆ ಅದು ಎಷ್ಟು ತಿಳಿಯಿತೋ, ಅವನು ಮಾತ್ರ “ಅಜ್ಜಿ, ನೋಡು ನೋಡು” ಎಂದು ಅವರ ಸೆರಗು ಜಗ್ಗುತ್ತಿದ್ದ.

ಅಮ್ಮ ಹೇಳಿದ್ದು ನಿಜ. ಬಿಟ್ಜರ್‌ಗೆ ಯಜಮಾನನ ಮೇಲೆ ನಿಷ್ಠೆ, ಕುರಿಗಳ ಮೇಲೆ ಸ್ನೇಹ, ಎರಡನ್ನೂ ಬಿಡಲಾರ. ಬೈಯಲು ಸೀಟಿ ಊದಿಕೊಂಡು ಬಂದವನು ಅವರ ಆಟಕ್ಕೇ ಸೇರಿಕೊಳ್ಳುತ್ತಾನೆ. ರೈತ ಮನೆಯಿಂದ ಹೊರಗೆ ಬರುವ ಸದ್ದಾದಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾಗುವವನೂ ಅವನೇ. ಆ ಗಾಬರಿಯ ಗಳಿಗೆಗಾಗಿ ನಾನು ಎಷ್ಟು ಕಂತು ಬೇಕಾದರೂ ನೋಡುತ್ತೇನೆ. ಅಲ್ಲಿಯವರೆಗೆ ಎರಡು ಕಾಲ ಮೇಲೆ ನಿಂತು ಮೆರೆಯುತ್ತಿದ್ದ ಮಂದೆ ಸರಕ್ಕನೆ ನಾಲ್ಕು ಕಾಲಿಗೆ ಇಳಿದು ಹುಲ್ಲು ಮೆಲ್ಲತೊಡಗುತ್ತದೆ. ಮುಖದಲ್ಲಿ ಶುದ್ಧ ಕುರಿತನ. ದವಡೆ ಮಾತ್ರ ಆಡುತ್ತದೆ, ಕಣ್ಣು ರೈತನ ಬೆನ್ನ ಮೇಲೆ. ಎರಡು ಯೋಚನೆಗಳನ್ನು, ಒಳಗಿನದನ್ನೂ ಹೊರಗಿನ ಸೋಗನ್ನೂ, ಮಣ್ಣು, ಬಟ್ಟೆ, ಮಣಿಗಳಲ್ಲಿ ಒಟ್ಟಿಗೇ ತೋರಿಸುವುದು ಸಾಮಾನ್ಯ ಕಸುಬಲ್ಲ.

ಉಳಿದ ಕುರಿಗಳಲ್ಲೂ ಒಬ್ಬೊಬ್ಬರದು ಒಂದೊಂದು ಸ್ವಭಾವ. ಬೆಟ್ಟದಂಥ ಶರ್ಲಿ ಎದುರಿಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಾಳೆ, ಕಳೆದುಹೋದ ವಸ್ತುಗಳು ಅವಳ ಉಣ್ಣೆಯೊಳಗೆ ಸಿಗುತ್ತವೆ. ಮರಿ ಟಿಮ್ಮಿಯ ಬಾಯಲ್ಲಿ ಸದಾ ನಿಪ್ಪಲ್ಲು, ಅವನ ಅಮ್ಮನ ತಲೆಯಲ್ಲಿ ಕೂದಲು ಗುಂಗುರು ಮಾಡುವ ಸುರುಳಿಗಳು. ಆ ಸುರುಳಿಗಳನ್ನು ಇಟ್ಟ ಪುಣ್ಯಾತ್ಮರು ಯಾರೋ, ಅಷ್ಟರಲ್ಲೇ ಒಂದು ಸಂಸಾರ ಕಟ್ಟಿಕೊಟ್ಟಿದ್ದಾರೆ. ರೈತನೂ ದುಷ್ಟನಲ್ಲ, ದಪ್ಪ ಕನ್ನಡಕದ ಮುಂಗೋಪಿ ಒಂಟಿ ಮನುಷ್ಯ. ಕುರಿಗಳ ಕಿತಾಪತಿ ಎಷ್ಟೇ ದೂರ ಹೋಗಲಿ, ಅವನು ಬರುವ ಹೊತ್ತಿಗೆ ಎಲ್ಲವನ್ನೂ ಮೊದಲಿನಂತೆ ಮಾಡಿಡಬೇಕು ಅನ್ನುವ ತರಾತುರಿಯೇ ಹೆಚ್ಚಿನ ಕಂತುಗಳ ಕೊನೆ. ಅದರಲ್ಲಿ ಭಯ ಸ್ವಲ್ಪ, ಅವನ ಬದುಕು ಕೆಡಬಾರದು ಅನ್ನುವ ಕಾಳಜಿ ಬಹಳ.

ಆ ಕಾಳಜಿ ಪೂರ್ತಿಯಾಗಿ ಹೊರಬಂದದ್ದು 2015ರ ಸಿನಿಮಾದಲ್ಲಿ. ಸುಮಾರು ಒಂದೂವರೆ ಗಂಟೆ, ಅಲ್ಲೂ ಮಾತಿಲ್ಲ. ದಿನವೂ ಅದೇ ಕೆಲಸ ಮಾಡಿ ಬೇಸತ್ತ ಕುರಿಗಳಿಗೆ ಒಂದು ದಿನ ರಜೆ ಬೇಕು. ಅವು ಸಾಲಾಗಿ ಬೇಲಿ ಹಾರುತ್ತವೆ, ಎಣಿಸುತ್ತ ಎಣಿಸುತ್ತ ರೈತ ನಿದ್ದೆ ಹೋಗುತ್ತಾನೆ. ಅವನನ್ನು ಮಲಗಿಸಿದ ಕ್ಯಾರವಾನ್ ಉರುಳಿಕೊಂಡು ನಗರ ಸೇರುತ್ತದೆ. ತಲೆಗೆ ಪೆಟ್ಟಾಗಿ ಅವನಿಗೆ ಏನೂ ನೆನಪಿಲ್ಲ. ಕೈಗೆ ಮಾತ್ರ ಉಣ್ಣೆ ಕತ್ತರಿಸುವ ಅಭ್ಯಾಸ ಉಳಿದಿದೆ, ಅದರಿಂದಲೇ ನಗರದ ಹೆಸರುವಾಸಿ ಕ್ಷೌರಿಕನಾಗಿಬಿಡುತ್ತಾನೆ. ಹುಡುಕುತ್ತ ಹುಡುಕುತ್ತ ಬಂದ ಶಾನ್ ಅವನನ್ನು ಆ ಸಲೂನಿನಲ್ಲಿ ಕಾಣುತ್ತಾನೆ. ಶಾನ್ ಮುಖ ಅರಳುತ್ತದೆ. ಎದುರಿನ ಮುಖದಲ್ಲಿ ಗುರುತೇ ಇಲ್ಲ. ಹೊರಗೆ ಹಾಕುತ್ತಾನೆ. ಅರಳಿದ ಮುಖ ಬಾಡುವುದಕ್ಕೆ ಮಾಡಿದವರು ಎಷ್ಟು ಹೊತ್ತು ಕೊಟ್ಟಿದ್ದಾರೆ ನೋಡಿ. ಅಲ್ಲಿ ಅವರು ಅವಸರ ಮಾಡಲಿಲ್ಲ, ಸಂಗೀತದಿಂದ ತುಂಬಿಸಿಬಿಡಲೂ ಇಲ್ಲ. ನಾನು ಅತ್ತೆ.

2019ರಲ್ಲಿ ಬಂದ ಎರಡನೆಯ ಸಿನಿಮಾ, ‘ಫಾರ್ಮಗೆಡನ್’, ನನಗೆ ಅಷ್ಟು ಹಿಡಿಸಲಿಲ್ಲ. ನೋಡಲು ಇನ್ನೂ ಅಂದವಾಗಿದೆ, ಆಸ್ಕರ್ ಪಟ್ಟಿಯವರೆಗೂ ಹೋಯಿತು. ಲೂ-ಲಾ ಎಂಬ ಬೇರೆ ಗ್ರಹದ ಮಗು ಅದರಲ್ಲಿ ಬರುತ್ತದೆ, ಮುದ್ದಾಗಿಯೇ ಇದೆ. ಆದರೆ ಅದು ಮನಸ್ಸು ಮಾಡಿದರೆ ವಸ್ತುಗಳು ಗಾಳಿಯಲ್ಲಿ ತೇಲುತ್ತವೆ. ಮನಸ್ಸು ಮಾಡಿದ್ದೆಲ್ಲ ಆಗಿಬಿಡುವವರಿಗೆ ಯೋಚಿಸಿ ನಿಲ್ಲಬೇಕಾದ ಪ್ರಮೇಯವೇ ಬರುವುದಿಲ್ಲ, ನಮಗೆ ಅವರ ತಲೆಯೊಳಗೆ ಇಣುಕಲು ಕಿಟಕಿಯೂ ಸಿಗುವುದಿಲ್ಲ. ಶಾನ್‌ನ ಪಾಡು ಬೇರೆ. ಅವನ ಹತ್ತಿರ ಇರುವುದು ಒಂದು ಹಗ್ಗ, ಒಂದು ಬಕೆಟ್ಟು, ರೈತನ ಹಳೇ ಕೋಟು, ಮಾತು ಕೇಳದ ಒಂದು ಹಿಂಡು ನೆಂಟರು. ಅಷ್ಟರಲ್ಲೇ ಉಪಾಯ ಮಾಡಬೇಕು. 2022ರ ನವೆಂಬರಿನಲ್ಲಿ ಆರ್ಟೆಮಿಸ್ ಯಾನದಲ್ಲಿ ಹೊರಟ ಶಾನ್‌ನ ಪುಟ್ಟ ಬೊಂಬೆಯೊಂದು ಚಂದ್ರನನ್ನು ಸುತ್ತಿ ಬಂತು, ಯುರೋಪಿನ ಬಾಹ್ಯಾಕಾಶ ಸಂಸ್ಥೆಯವರು ಕಳಿಸಿದ್ದು. ಅದು ಕೇಳಿ ಹಿಗ್ಗಿದವರಲ್ಲಿ ನಾನೂ ಒಬ್ಬಳು. ಆದರೂ ಶಾನ್‌ನನ್ನು ಇನ್ನೂ ನೋಡದವರು ಯಾರಾದರೂ ಕೇಳಿದರೆ ನಾನು ಆಕಾಶದ ಕಡೆ ಕಳಿಸುವುದಿಲ್ಲ. ಮೊದಲ ಸರಣಿಯಲ್ಲಿ ಪಿಜ್ಜಾ ಆಸೆಗೆ ಬಿದ್ದ ಕುರಿಗಳು ಮನುಷ್ಯರ ವೇಷ ಹಾಕಿಕೊಂಡು ಪೇಟೆಗೆ ಹೋಗುವ ಕಂತು ಇದೆ, ಅಲ್ಲಿಂದ ಶುರು ಮಾಡಿ ಅನ್ನುತ್ತೇನೆ. ಪಕ್ಕದಲ್ಲಿ ಒಂದು ಮಗುವನ್ನೋ, ಒಬ್ಬ ಅಜ್ಜಿಯನ್ನೋ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.