ಮರ ಬುಡದಿಂದ ಮೇಲಕ್ಕೆ

ಹೌರಾದಲ್ಲಿ ಬೆಳಗಿನ ರೈಲು ಹಿಡಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಬೋಲ್‌ಪುರ. ಇಳಿದು ಒಂದು ಟೋಟೋ ಹತ್ತಿದರೆ (ಬ್ಯಾಟರಿ ರಿಕ್ಷಾಕ್ಕೆ ಅಲ್ಲಿ ಹಾಗೇ ಹೇಳೋದು) ಸ್ವಲ್ಪ ಹೊತ್ತಲ್ಲೇ ಶಾಂತಿನಿಕೇತನ. ಹೆಚ್ಚಿನವರು ಇಲ್ಲಿಗೆ ಬರುವುದು ಟಾಗೋರರನ್ನು ಹುಡುಕಿಕೊಂಡು. ನಾನು ಹೋಗಿದ್ದು ಒಬ್ಬ ಡ್ರಾಯಿಂಗ್ ಮಾಸ್ಟ್ರ ಜಾಗ ನೋಡೋಕೆ.

ಅವರು ನಂದಲಾಲ್ ಬೋಸ್ (1882–1966). ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಶಿಷ್ಯರ ಜೊತೆ ಸೇರಿ ಸಿಂಗರಿಸಿದವರು. ಕೋಲು ಹಿಡಿದು ನಡೆಯುವ ಗಾಂಧಿಯ ಆ ಕಪ್ಪು-ಬಿಳುಪು ಲಿನೋಕಟ್ ಚಿತ್ರವೂ ಇವರದೇ, 1930ರದ್ದು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಮತ್ತು ಇವರು ಒಂದೇ ಗುರುವಿನ ಶಿಷ್ಯರು. ಇಬ್ಬರಿಗೂ ಕಲ್ಕತ್ತೆಯಲ್ಲಿ ಕಲಿಸಿದವರು ಅವನೀಂದ್ರನಾಥ ಟಾಗೋರ್. ಶಾಂತಿನಿಕೇತನದಲ್ಲಿ ನಂದಲಾಲರ ಹೆಸರು 'ಮಾಸ್ಟರ್‌ಮೊಶಾಯ್'. ನಮ್ಮ ಕರಾವಳಿಯಲ್ಲಿ 'ಮಾಸ್ಟ್ರು' ಅನ್ನುವ ಹಾಗೆಯೇ.

ಆ ಗಾಂಧಿ ಚಿತ್ರದ ಒಂದು ಪ್ರತಿ ನಮ್ಮ ಹೈಸ್ಕೂಲಿನ ಗೋಡೆಯ ಮೇಲಿತ್ತು. ಅಂಟಿಸಿದವರು ನಮ್ಮ ಡ್ರಾಯಿಂಗ್ ಮಾಸ್ಟ್ರು. ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ಡನ್ನು ಗಣಿತದವರು ಕೇಳಿ ತಗೊಳ್ತಿದ್ರು. ಉಳಿದ ದಿನ ಕ್ಲಾಸು ಅಂಗಳದಲ್ಲೇ. "ಬೋರ್ಡಿನಲ್ಲಿರುವುದು ನನ್ನ ಎಲೆ. ನಿಮ್ಮ ಎಲೆ ಹೊರಗೆ ಉಂಟು, ಹೋಗಿ ನೋಡಿ" ಅನ್ನುತ್ತಿದ್ದರು. ಎಲೆ ಕೀಳುವ ಹಾಗಿಲ್ಲ, ಬಿದ್ದದ್ದನ್ನು ಹೆಕ್ಕಬೇಕು. ಶಾಂತಿನಿಕೇತನ ಒಮ್ಮೆ ನೋಡಬೇಕು ಅಂತ ಯಾವಾಗಲೂ ಹೇಳೋರು. ಮಕ್ಕಳ ಓದು, ಸಾಲ, ಮಂಡಿನೋವು... ಹೋಗಲು ಆಗಲೇ ಇಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಕಲಾಭವನ ಶುರುವಾಗಿದ್ದು 1919ರಲ್ಲಿ. 1951ರವರೆಗೂ ಅದನ್ನು ನಡೆಸಿದವರು ನಂದಲಾಲರು. ಅಲ್ಲಿ 'ಕಾಲೋಬಾಡಿ', ಅಂದರೆ ಕಪ್ಪು ಮನೆ, ನೋಡಲೇಬೇಕು. ಮಣ್ಣಿನ ಗೋಡೆ, ಮೇಲೆ ಡಾಂಬರು, ಗೋಡೆ ತುಂಬ ಗುರುಶಿಷ್ಯರು ಸೇರಿ ಮಾಡಿದ ಉಬ್ಬುಚಿತ್ರಗಳು. ಹತ್ತಿರದಲ್ಲೇ ಅವರ ಶಿಷ್ಯ ರಾಮ್‌ಕಿಂಕರ್ ಬೈಜ್ 1938ರಲ್ಲಿ ಮಾಡಿದ 'ಸಂತಾಲ ಕುಟುಂಬ', ಹೊರಾಂಗಣದಲ್ಲೇ ನಿಂತಿದೆ. 1938ರಲ್ಲೇ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಕರೆದಾಗ ನಂದಲಾಲರು ಬಿಡಿಸಿದ್ದು ಯಾರನ್ನು ಗೊತ್ತೇ? ಡೋಲು ಬಡಿಯುವವನು, ಕುಂಬಾರ, ದರ್ಜಿ, ಕುಸ್ತಿ ಪೈಲ್ವಾನ. ಸುತ್ತ ಕಾಣುವುದನ್ನೇ ನೋಡು ಅನ್ನುವುದು ಅವರ ಪಾಠ ಮಾತ್ರ ಅಲ್ಲ, ಅವರ ಕೆಲಸವೂ ಹೌದು.

ಸತ್ಯಜಿತ್ ರಾಯ್ 1940ರಲ್ಲಿ ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದರು. ಮರ ಬಿಡಿಸುವಾಗ ಗೆರೆಯನ್ನು ಬುಡದಿಂದ ಮೇಲಕ್ಕೆ ಎಳೆಯಬೇಕು, ಯಾಕೆಂದರೆ ಮರ ಬೆಳೆಯುವುದು ಹಾಗೆಯೇ ಎಂದು ಮಾಸ್ಟರ್‌ಮೊಶಾಯ್ ಹೇಳಿಕೊಟ್ಟದ್ದನ್ನು ರಾಯ್ ಮುಂದೆ ನೆನಪಿಸಿಕೊಂಡಿದ್ದಾರೆ. ನಾನಂತೂ ಅಲ್ಲಿವರೆಗೆ ಮೊದಲು ಎಲೆಗಳ ಗುಂಪು ಬಿಡಿಸಿ, ಆಮೇಲೆ ಕೆಳಗೊಂದು ಕಾಂಡ ಸಿಕ್ಕಿಸುತ್ತಿದ್ದವನು.

ಈ ಊರಿನ ಮುಖ್ಯ ಮರ 'ಛಾತಿಮ್'. ಹತ್ತಿರ ಹೋಗಿ ನೋಡಿದರೆ, ಅರೆ, ನಮ್ಮ ಹಾಲೆ ಮರ! ಆಟಿ ಅಮಾವಾಸ್ಯೆಗೆ ಹೊಟ್ಟೆಗೆ ಕಹಿ ಕಷಾಯ ಕೊಡುವ ಅದೇ ಮರ. ಸಂಸ್ಕೃತದಲ್ಲಿ ಸಪ್ತಪರ್ಣಿ, ಏಳೆಲೆಯ ಮರ. ವಿಶ್ವಭಾರತಿಯ ಘಟಿಕೋತ್ಸವದ ಸಂಪ್ರದಾಯದಲ್ಲಿ ಪದವೀಧರರಿಗೆ ಕೊಡುತ್ತಿದ್ದದ್ದು ಇದರ ಎಲೆಗಳನ್ನೇ. 1928ರಿಂದ ಇಲ್ಲಿ ಗಿಡ ನೆಡುವುದೂ ಒಂದು ಹಬ್ಬ.

ಹೋಗುವವರಿಗೆ ಒಂದೆರಡು ಮಾತು. ಬುಧವಾರ ವಿಶ್ವಭಾರತಿಗೆ ವಾರದ ರಜೆ, ಆ ದಿನ ಬಿಡಿ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು. ಒಳಗೆ ಬಿಡುವ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಡಿಸೆಂಬರ್ ಮೊದಲ ಎರಡು ದಿನ ಹೋದರೆ ನಂದನ ಮೇಳ. ಡಿಸೆಂಬರ್ 3 ನಂದಲಾಲರ ಹುಟ್ಟುಹಬ್ಬ, ಅದಕ್ಕಾಗಿಯೇ ಈ ಮೇಳ. ಕಲಾಭವನದ ಹುಡುಗರು ತಾವು ಮಾಡಿದ್ದನ್ನು ತಾವೇ ಮಾರುತ್ತಾರೆ.

ನಂದಲಾಲರಿಗೆ ಕಾರ್ಡಿನ ಮೇಲೆ ಚಿತ್ರ ಬಿಡಿಸಿ ಶಿಷ್ಯರಿಗೆ, ಗೆಳೆಯರಿಗೆ ಕಳಿಸುವ ಅಭ್ಯಾಸವಿತ್ತು. ನಾನೂ ಒಂದು ಪೋಸ್ಟ್‌ಕಾರ್ಡ್ ತಗೊಂಡೆ. ರಸ್ತೆ ಬದಿಯ ಛಾತಿಮ್ ಎದುರು ಒಂದು ಗಂಟೆ ಕೂತೆ. ಬುಡದಿಂದ ಮೇಲಕ್ಕೆ ಬಿಡಿಸಿ ನಮ್ಮ ಮಾಸ್ಟ್ರ ಮನೆಗೆ ಪೋಸ್ಟ್ ಮಾಡಿದೆ.

ಹತ್ತು ದಿನ ಬಿಟ್ಟು ಮಾಸ್ಟ್ರ ಹೆಂಡತಿ ಫೋನ್ ಮಾಡಿದರು.

"ಕಾರ್ಡ್ ಬಂತು ಮಗಾ. ಎಲೆ ಲೆಕ್ಕ ಮಾಡಿದೆ. ಒಂದು ಗೊಂಚಲಲ್ಲಿ ಆರೇ ಉಂಟಲ್ಲ?"

"ಹೌದಮ್ಮ, ಮರದಲ್ಲೂ ಆರೇ ಇತ್ತು."

"ಅದೇ ನಾನೂ ಹೇಳಿದ್ದು. ನೋಡಿಯೇ ಬಿಡಿಸಿದ್ದು ಅಂತ ಗೊತ್ತಾಯ್ತು. ಅವರ ಫೋಟೋದ ಹತ್ತಿರ ಇಟ್ಟಿದ್ದೇನೆ."