ಕೋಷ್ಟಕದ ತಲೆಸಾಲು ಮತ್ತು ೞಕಾರ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಶಾಸನಗಳ ಅಧ್ಯಯನಕ್ಕೆಂದು ಎರವಲು ತಂದ ಗ್ರಂಥಗಳು ಹತ್ತನ್ನು ಮೀರಿದರೆ, ಯಾವುದನ್ನು ಎಂದು ಹಿಂದಿರುಗಿಸಬೇಕೆಂಬುದೇ ಒಂದು ಸಂಶೋಧನೆಯಾಗುತ್ತದೆ. ನಾನು ಸದಸ್ಯನಾಗಿರುವ ಗ್ರಂಥಾಲಯದಲ್ಲಿ ‘ಕೋಹಾ’ ತಂತ್ರಾಂಶವಿದೆ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯಗಳಿಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಇದು ಎಲ್ಲರಿಗೂ ಮುಕ್ತ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ. ಶಾಸ್ತ್ರದಾನವನ್ನು ಬಲ್ಲವರಿಗೆ ಆ ಹೆಸರು ಪರಕೀಯವೆನಿಸದು.

ಓದುಗನ ಖಾತೆಯ ಪುಟದಲ್ಲಿ ಎರವಲು ಪುಸ್ತಕಗಳ ಕೋಷ್ಟಕವಿರುತ್ತದೆ. ಶೀರ್ಷಿಕೆ, ಕರ್ತೃ, ಗಡುವು ಎಂಬ ತಲೆಸಾಲುಗಳಲ್ಲಿ ಯಾವುದನ್ನು ಒತ್ತಿದರೂ ಪಟ್ಟಿ ಆ ಕ್ರಮಕ್ಕೆ ಹೊಂದಿಕೊಳ್ಳುತ್ತದೆ. ಈ ವಿಚಾರ ಹೊಸದಲ್ಲ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಗೆ, ಎಂದರೆ ಇಂದಿನ ಚಿಕ್ಕಮಗಳೂರಿಗೆ ಸಂಬಂಧಿಸಿದ್ದು. ಶಾಸನಪಾಠಗಳು ಅಲ್ಲಿ ತಾಲ್ಲೂಕುವಾರಾಗಿವೆ. ಕಾಲಾನುಕ್ರಮದ ಪಟ್ಟಿ ಬೇರೆಯೇ ಇದೆ. ಜನ್ನ ಕವಿ ರಚಿಸಿದ ಅಮೃತಾಪುರದ ಶಾಸನ ಒಂದೆಡೆ ತರೀಕೆರೆಯ ನೆರೆಹೊರೆಯಲ್ಲಿ, ಇನ್ನೊಂದೆಡೆ ಇಮ್ಮಡಿ ವೀರಬಲ್ಲಾಳನ ಕಾಲದ ಶಾಸನಗಳ ಸಾಲಿನಲ್ಲಿ ನಿಲ್ಲುತ್ತದೆ. ಊರೂರು ಅಲೆಯುವವನಿಗೆ ಮೊದಲನೆಯ ಕ್ರಮ ಬೇಕು, ಚರಿತ್ರೆ ಬರೆಯುವವನಿಗೆ ಎರಡನೆಯದು.

ದಿನಾಂಕದ ತೊಡಕು ಚಿಕ್ಕದು. ಅದನ್ನು ಬರಿಯ ಅಕ್ಷರಸಾಲೆಂದು ಓದುವ ಯಂತ್ರವು ಒಂದೇ ವರ್ಷದ 02-12ನ್ನು 15-01ಕ್ಕಿಂತ ಮುಂದಿಡುತ್ತದೆ. ವರ್ಷ, ತಿಂಗಳು, ದಿನ ಎಂಬ ಕ್ರಮದ ರೂಪವೊಂದನ್ನು ಒಳಗೆ ಅಡಗಿಸಿಟ್ಟರೆ ಸರಿಹೋಗುತ್ತದೆ.

ಶೀರ್ಷಿಕೆಯ ತೊಡಕೇ ನನ್ನನ್ನು ಕಾಡುವುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಬಳಿಕ ಬರುತ್ತದೆ. ಯೂನಿಕೋಡ್ ಅದನ್ನು ಲಕಾರದ ಪಕ್ಕದಲ್ಲಿರಿಸಿದೆ. ಆದುದರಿಂದ ಸಂಕೇತಸಂಖ್ಯೆಯನ್ನೇ ನಂಬಿ ವಿಂಗಡಿಸಿದರೆ ‘ಮಳೆ’ಯು ‘ಮಹಾಪುರಾಣ’ಕ್ಕಿಂತ ಮುಂದೆ ಹೋಗುತ್ತದೆ. ಹಳಗನ್ನಡದ ೞಕಾರದ ಪಾಡು ಇನ್ನೂ ವಿಚಿತ್ರ. ಅದರ ಸಂಖ್ಯೆ ಸ್ವರಚಿಹ್ನೆಗಳಾಚೆ ಇರುವುದರಿಂದ ‘ಮೞೆ’ ಎಂಬ ಪದ ‘ಮೌನ’ವನ್ನೂ ದಾಟಿ ಕೊನೆಗೆ ಬೀಳುತ್ತದೆ. (ಯೂನಿಕೋಡಿನಲ್ಲಿ ಆ ಅಕ್ಷರಕ್ಕೆ ತಪ್ಪಾಗಿ ‘ಫ’ ಎಂದು ನಾಮಕರಣವಾಗಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿಯ ಕಟ್ಟಳೆ.)

ಗೊಡವೆಯೇ ಬೇಡ, ೞಕಾರವನ್ನೆಲ್ಲ ಳ ಎಂದು ತಿದ್ದಿಬಿಡೋಣ ಎನ್ನುವ ಸಲಹೆಯನ್ನು ಕೇಳಿದ್ದೇನೆ. ಒಪ್ಪಲಾರೆ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಷ್ಟು ಶ್ರಮದಿಂದ ವಿವೇಚಿಸಿದ ಭೇದವನ್ನು ಒಂದು ಕೋಷ್ಟಕದ ಅನುಕೂಲಕ್ಕಾಗಿ ಅಳಿಸಿದರೆ, ಹಳೆಯ ಕಾಗುಣಿತದಲ್ಲೇ ಹುಡುಕುವ ಓದುಗನಿಗೆ ಆ ಗ್ರಂಥ ಕಪಾಟಿನಲ್ಲಿದ್ದೂ ಇಲ್ಲದಂತೆ. ವಿಂಗಡಿಸುವ ಸೂತ್ರಕ್ಕೆ ಸಂಕೇತಸಂಖ್ಯೆಯ ಬದಲು ಕನ್ನಡದ ವರ್ಣಕ್ರಮವನ್ನು ಕಲಿಸುವುದು ಕಷ್ಟವೇನಲ್ಲ. ಇಂದಿನ ಬ್ರೌಸರ್‌ಗಳಲ್ಲಿ ಭಾಷೆಯನ್ನು ಸೂಚಿಸಿ ಹೋಲಿಸುವ ಸೌಲಭ್ಯವಿದೆ.

ಅಲ್ಲಿಯವರೆಗೆ ನಾನು ಗಡುವಿನ ತಲೆಸಾಲನ್ನೇ ಒತ್ತುತ್ತೇನೆ. ಬೀರೂರಿನಲ್ಲಿ ರೈಲುಹಾದಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಸಾಗುತ್ತದೆ. ಯಾವ ಸಂಪುಟವನ್ನು ಮೊದಲು ಮುಗಿಸಬೇಕೆಂದು ತಿಳಿದ ಮೇಲೆಯೇ ಚೀಟಿ ಕೊಳ್ಳುವುದು.