ಹದಿನೆಂಟು ತುಂಬಿದ ಮೇಲೆ ಫೀಸು ಯಾರದು?

ಹದಿನೆಂಟು ತುಂಬಿತೆಂದರೆ ಮನೆಯಲ್ಲಿ ಒಂದು ಸಂಭ್ರಮ. ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಬ್ಯಾಂಕಿನಲ್ಲಿ ಅಮ್ಮನ ರುಜುವಿನ ಹಂಗಿಲ್ಲದೆ ತನ್ನದೇ ರುಜು ಹಾಕಬಹುದು. ಆದರೆ ತಂದೆ ತಾಯಿ ಬೇರೆಯಾಗಿ, ಕೋರ್ಟಿನ ಆದೇಶದಂತೆ ತಿಂಗಳು ತಿಂಗಳು ಬರುವ ಜೀವನಾಂಶದ ಆಸರೆಯಲ್ಲಿ ಓದುತ್ತಿರುವ ಮಕ್ಕಳಿಗೆ ಈ ಹುಟ್ಟುಹಬ್ಬ ಇನ್ನೊಂದು ಸುದ್ದಿಯನ್ನೂ ತರುತ್ತದೆ. ಮುಂದಿನ ತಿಂಗಳಿಂದ ಹಣ ಬರುವುದಿಲ್ಲ!

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸಹಕಾರ ಸಂಘದ ಗುಮಾಸ್ತೆಯಾಗಿರುವ ತಾಯಿಯೊಬ್ಬರ ಮನೆಗೆ ಈ ಸುದ್ದಿ ಬಂದದ್ದು 2025ರ ಫೆಬ್ರುವರಿಯಲ್ಲಿ. ಮಗ ಎರಡನೇ ಪಿಯುಸಿ. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ. ಮಗಳು ಬಿ.ಕಾಂ. ಎರಡನೇ ವರ್ಷ. 2014ರಲ್ಲಿ ಕೋರ್ಟು ಇಬ್ಬರು ಮಕ್ಕಳಿಗೂ ತಲಾ ನಾಲ್ಕು ಸಾವಿರ ರೂಪಾಯಿ ಗೊತ್ತುಮಾಡಿತ್ತು. ಆದೇಶದಲ್ಲಿ ‘ಪ್ರಾಪ್ತ ವಯಸ್ಕರಾಗುವವರೆಗೆ’ ಎಂಬ ಎರಡು ಪದಗಳಿದ್ದವು. ಆಗ ಮಗನಿಗೆ ಏಳು ವರ್ಷ, ಮಗಳಿಗೆ ಒಂಬತ್ತು. ಆ ಎರಡು ಪದಗಳ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ.

ಮಗಳಿಗೆ ಹದಿನೆಂಟಾದಾಗ ಅವಳ ಪಾಲಿನ ನಾಲ್ಕು ಸಾವಿರ ನಿಂತಿತು. ಕಾನೂನೇ ಹಾಗಿರಬೇಕು ಎಂದುಕೊಂಡು ತಾಯಿ ಚೀಟಿಯ ಹಣ ಎತ್ತಿ ಕಾಲೇಜಿಗೆ ಸೇರಿಸಿದರು. ಈಗ ಮಗನದೂ ನಿಂತಾಗ ಮಾತ್ರ ಕೈ ಕಟ್ಟಿದಂತಾಯಿತು. ಪರೀಕ್ಷೆ ಮುಗಿಯುವವರೆಗೆ ಅವನಿಗೆ ತಿಳಿಯಬಾರದೆಂದು ಮುಚ್ಚಿಟ್ಟರು. ಇಂಥ ವಿಷಯಗಳು ಮುಚ್ಚಿಟ್ಟರೆ ನಿಲ್ಲುತ್ತವೆಯೇ? ಪಾಸ್‌ಬುಕ್ಕು ತುಂಬಿಸಿಕೊಂಡು ಬರಲು ಹೋದವನೇ ಅವನು.

“ಅಮ್ಮ, ಈ ವರ್ಷ ಎಂಜಿನಿಯರಿಂಗ್ ಬೇಡ ಬಿಡು. ಮಾವನ ಅಂಗಡೀಲಿ ಒಂದು ವರ್ಷ ಇರ್ತೀನಿ. ಆಮೇಲೆ ನೋಡೋಣ.”

“ಸುಮ್ನಿರೋ, ಒಂದು ವರ್ಷ ಅಂತ ಹೋದೋರು ವಾಪಸ್ ಬಂದಿದ್ದನ್ನ ಎಲ್ಲಿ ನೋಡಿದೀಯಾ?” ಎಂದಳು ಅಕ್ಕ.

ತಾಯಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋದವಳೂ ಅವಳೇ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಇದು ಗೊತ್ತಿಲ್ಲದೆ ಒಡವೆ ಅಡವಿಡುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ.

ಅಲ್ಲಿನ ವಕೀಲೆ ಕಾಗದಗಳನ್ನು ನೋಡಿ ಮಗನ ವಿಷಯ ಬಿಟ್ಟು ಮಗಳ ಬಗ್ಗೆ ಕೇಳಿದರು.

“ಇವಳಿಗೆ ಮದುವೆ ಆಗಿಲ್ಲ ತಾನೇ? ಕೆಲಸಕ್ಕೂ ಹೋಗ್ತಿಲ್ಲ. ಮತ್ತೆ ಒಂದೂವರೆ ವರ್ಷದಿಂದ ಯಾಕೆ ಸುಮ್ಮನಿದ್ರಿ ಅಮ್ಮಾ?”

ತಾಯಿಗೆ ಉತ್ತರ ಹೊಳೆಯಲಿಲ್ಲ. ಹದಿನೆಂಟಕ್ಕೆ ಎಲ್ಲವೂ ಮುಗಿಯುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ ಎಂದು ಅವರಿಗೆ ತಿಳಿದದ್ದು ಅಂದೇ.

ಜೀವನಾಂಶಕ್ಕೆ ಜನ ಸಾಮಾನ್ಯವಾಗಿ ಹಿಡಿಯುವ ದಾರಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಎರಡರ ತಿರುಳೂ ಒಂದೇ. ಅಪ್ರಾಪ್ತ ಮಕ್ಕಳಿಗೆ ಜೀವನಾಂಶ ಉಂಟು. ಹದಿನೆಂಟು ದಾಟಿದವರಿಗೆ ಇಲ್ಲ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾರದ ಮಕ್ಕಳಿಗೆ ಮಾತ್ರ ಈ ವಯಸ್ಸಿನ ಗೆರೆ ಇಲ್ಲ. ಬೇಗ ಪರಿಹಾರ ಸಿಗುವ ದಾರಿ ಇದು, ಹಾಗಾಗಿ ಎಲ್ಲರೂ ಇಲ್ಲಿಗೇ ಬರುತ್ತಾರೆ. 2001ರವರೆಗೆ ಈ ಕಲಮಿನಲ್ಲಿ ತಿಂಗಳಿಗೆ ಐನೂರು ರೂಪಾಯಿಯ ಮಿತಿ ಇತ್ತೆಂದು ಹೇಳಿದರೆ ಇಂದಿನ ಮಕ್ಕಳು ನಕ್ಕಾರು.

ಇನ್ನೊಂದು ದಾರಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956. ಹಿಂದೂ, ಬೌದ್ಧ, ಜೈನ, ಸಿಖ್ ಕುಟುಂಬಗಳಿಗೆ ಅನ್ವಯಿಸುವ ಈ ಕಾಯ್ದೆಯ 20ನೇ ಕಲಮಿನ ಪ್ರಕಾರ, ಸ್ವಂತ ಸಂಪಾದನೆಯಿಂದಾಗಲೀ ಆಸ್ತಿಯಿಂದಾಗಲೀ ಬದುಕಲಾರದ ಅವಿವಾಹಿತ ಮಗಳನ್ನು ಸಾಕುವ ಹೊಣೆ ಹದಿನೆಂಟರ ನಂತರವೂ ತಂದೆ ತಾಯಿಯರ ಮೇಲಿದೆ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು. ವಯಸ್ಕ ಮಗಳು 125ರಡಿ ಕೇಳುವಂತಿಲ್ಲ, ಆದರೆ 1956ರ ಕಾಯ್ದೆಯಡಿ ಖಂಡಿತ ಕೇಳಬಹುದು. ಅಂದರೆ ಹಕ್ಕು ಇತ್ತು, ತಟ್ಟಬೇಕಾದ ಬಾಗಿಲು ಬೇರೆಯಿತ್ತು. ಮುಸ್ಲಿಂ ಕುಟುಂಬಗಳ ವಿಷಯದಲ್ಲಿಯೂ, ಹೆಣ್ಣುಮಕ್ಕಳನ್ನು ಮದುವೆಯಾಗುವವರೆಗೆ ಸಾಕುವುದು ಅನುಕೂಲವಿರುವ ತಂದೆಯ ಹೊಣೆ ಎಂದು ಅದೇ ನ್ಯಾಯಾಲಯ 1997ರಲ್ಲಿ ಹೇಳಿದೆ.

ಮಗನ ಗತಿ? ಕಾಯ್ದೆಯ ಅಕ್ಷರದಲ್ಲಿ ಅವನಿಗೆ ಹದಿನೆಂಟೇ ಕೊನೆ. 1956ರಲ್ಲಿ ಹದಿನೆಂಟರ ಹುಡುಗ ನೇಗಿಲು ಹಿಡಿದಾನು, ಅಂಗಡಿಗೆ ಕೂತಾನು, ಬರಹ ಚೆನ್ನಾಗಿದ್ದರೆ ಗುಮಾಸ್ತನಾದಾನು ಎಂಬ ಲೆಕ್ಕ ಇದ್ದೀತು. ಇಂದು ಹದಿನೆಂಟಕ್ಕೆ ಕೈಯಲ್ಲಿರುವುದು ಪಿಯುಸಿ ಅಂಕಪಟ್ಟಿ ಮಾತ್ರ. ಎಂಜಿನಿಯರಿಂಗ್ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು. ಖರ್ಚು ಶುರುವಾಗುವ ವರ್ಷವೇ ಹೊಣೆ ಮುಗಿಯುವುದು ವಿಚಿತ್ರ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಹೊಣೆ ಸಾಮಾನ್ಯವಾಗಿ ಇಪ್ಪತ್ತೊಂದರವರೆಗೆ ಇದೆ.

ಈ ವೈಚಿತ್ರ್ಯವನ್ನು ನ್ಯಾಯಾಲಯಗಳು ಗಮನಿಸಿಲ್ಲವೆಂದಲ್ಲ. 2021ರ ಮಾರ್ಚಿನಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗನಿಗೆ ಹದಿನೆಂಟರವರೆಗಷ್ಟೇ ಹಣ ಕೊಟ್ಟರೆ ಇಂದಿನ ಕಾಲಕ್ಕೆ ಸಾಲದು, ಮೊದಲ ಪದವಿ ಕೈಗೆ ಬರುವುದು ಕಾಲೇಜು ಮುಗಿದ ಮೇಲೇ ಎಂಬ ಅಭಿಪ್ರಾಯ ಹೇಳಿ, ಪದವಿಯ ಓದಿನವರೆಗೂ ತಂದೆ ಹಣ ಕೊಡಬೇಕೆಂದಿತು. ತಿಂಗಳ ಮೊತ್ತವನ್ನು ಮಾತ್ರ ತಂದೆಯ ಸ್ಥಿತಿ ನೋಡಿ ಇಪ್ಪತ್ತು ಸಾವಿರದಿಂದ ಹತ್ತು ಸಾವಿರಕ್ಕೆ ಇಳಿಸಿತು. ಆದರೆ ವಕೀಲೆ ಒಂದು ಎಚ್ಚರಿಕೆಯನ್ನೂ ಹೇಳಿದರು. ಅದು ಆ ಪ್ರಕರಣದ ಸಂಗತಿಗಳ ಮೇಲೆ ಬಂದ ಆದೇಶ. ಅದನ್ನು ತೋರಿಸಿ ಕೇಳಬಹುದೇ ಹೊರತು, ಕಾಯ್ದೆಯ ಅಕ್ಷರವೇ ಬದಲಾಯಿತೆಂದು ತಿಳಿಯಬಾರದು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಅಪ್ರಾಪ್ತ ಮಕ್ಕಳ ಪರವಾಗಿ ತಾಯಿ ಕೋರ್ಟಿಗೆ ಹೋಗುತ್ತಾಳೆ, ಮಕ್ಕಳು ಮನೆಯಲ್ಲಿರುತ್ತಾರೆ. ಹದಿನೆಂಟಾದ ಮೇಲೆ ಅರ್ಜಿಗೆ ಮಗನೇ ರುಜು ಹಾಕಬೇಕು, ತಂದೆಯ ಎದುರು ತಾನೇ ನಿಲ್ಲಬೇಕು. “ನಾನು ಅಪ್ಪನ ಮೇಲೆ ಕೇಸು ಹಾಕಲ್ಲ” ಎಂದುಬಿಟ್ಟ ಹುಡುಗ. ವರ್ಷಕ್ಕೊಮ್ಮೆ ಯುಗಾದಿಗೋ ದಸರಾಕ್ಕೋ ಫೋನಿನಲ್ಲಿ ಸಿಗುವ ಅಪ್ಪ. ಆ ಎಳೆಯೂ ಕಡಿದುಹೋದೀತೆಂಬ ಭಯ ಅವನದು. ಅಕ್ಕ ಮಾತ್ರ ತನ್ನ ಅರ್ಜಿಗೆ ರುಜು ಹಾಕಿದಳು. ಸಮಿತಿಯವರು ಮೊಕದ್ದಮೆಗೆ ಮೊದಲು ಮಾತುಕತೆಗೆ ತಂದೆಯನ್ನು ಕರೆಸಿದರು.

ತಂದೆಯನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ಆತ ತುಮಕೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮರುಮದುವೆಯಾಗಿದೆ, ಆ ಮನೆಯಲ್ಲೂ ಶಾಲೆಗೆ ಹೋಗುವ ಮಗುವಿದೆ. ಇಷ್ಟು ವರ್ಷ ಒಂದು ತಿಂಗಳೂ ತಪ್ಪಿಸಿರಲಿಲ್ಲ. “ಕೋರ್ಟು ಎಷ್ಟು ಹೇಳ್ತೋ ಅಷ್ಟು ಕೊಟ್ಟಿದ್ದೀನಿ. ಇನ್ನೇನು ಮಾಡ್ಲಿ ಸಾರ್?” ಎಂದು ಕೇಳಿದರು. ಅದು ನೆಪವಾಗಿರಲಿಲ್ಲ. ಕೋರ್ಟು ಹೇಳಿದ್ದು ಕನಿಷ್ಠ ಎಂದು ಆತನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಎರಡು ಸಿಟ್ಟಿಂಗಿನಲ್ಲಿ ಮಾತು ಒಂದು ಹದಕ್ಕೆ ಬಂತು. ಮಗಳಿಗೆ ತಿಂಗಳಿಗೆ ಮೂರೂವರೆ ಸಾವಿರ, ಕೆಲಸ ಸಿಗುವವರೆಗೆ ಇಲ್ಲವೇ ಮದುವೆಯಾಗುವವರೆಗೆ. ಮಗನ ಕಾಲೇಜು ಫೀಸನ್ನು ವರ್ಷ ವರ್ಷ ನೇರ ಕಾಲೇಜಿಗೇ ಕಟ್ಟುವುದು. ಹಾಸ್ಟೆಲ್ಲು, ಪುಸ್ತಕ ತಾಯಿಯ ಪಾಲು. ಕಾಯ್ದೆ ಸಾಕುವ ಹೊಣೆಯನ್ನು ತಾಯಿಯ ಮೇಲೂ ಹೊರಿಸಿದೆಯಾದ್ದರಿಂದ ಆಕೆ ಚೌಕಾಸಿ ಮಾಡಲಿಲ್ಲ. ಹಳೆಯ ಒಂದೂವರೆ ವರ್ಷದ ಮಾತು ಎತ್ತಬೇಡ ಎಂದು ಮಗಳಿಗೂ ಹೇಳಿದರು. ಇದಷ್ಟನ್ನೂ ಲೋಕ ಅದಾಲತ್ತಿನಲ್ಲಿ ದಾಖಲು ಮಾಡಿಸಿದರು. ಅಲ್ಲಿ ದಾಖಲಾದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ. ಬಾಯಿಮಾತಿನ ಭರವಸೆಗೆ ಅದಿಲ್ಲ.

ಬೇರೆಯಾಗುವ ನಿರ್ಧಾರಕ್ಕೆ ಬಂದಿರುವ ತಂದೆ ತಾಯಿ ರಾಜಿಪತ್ರ ಬರೆಸುವಾಗಲೇ ‘ಪ್ರಾಪ್ತ ವಯಸ್ಕರಾಗುವವರೆಗೆ’ ಎಂಬಲ್ಲಿ ‘ಮೊದಲ ಪದವಿ ಮುಗಿಯುವವರೆಗೆ’ ಎಂದು ಬರೆಸಿದರೆ ಈ ಓಡಾಟವೇ ಇರುವುದಿಲ್ಲ. ಪರಸ್ಪರ ಒಪ್ಪಿ ಬರೆದದ್ದನ್ನು ಕಾನೂನು ತಡೆಯುವುದಿಲ್ಲ. ಮಗು ಆಗ ಒಂದನೇ ತರಗತಿಯಲ್ಲಿರುತ್ತದೆ. ಎಂಜಿನಿಯರಿಂಗಿನ ನೆನಪು ಯಾರಿಗೆ ಬರಬೇಕು? ವಕೀಲರೇ ನೆನಪಿಸಬೇಕು. ಇನ್ನೊಂದು ಮಾತು: ಹದಿನೆಂಟಕ್ಕೆ ಮೊದಲು ಕೊಡದೆ ಉಳಿಸಿಕೊಂಡ ಬಾಕಿ, ಹದಿನೆಂಟು ತುಂಬಿತೆಂದು ಮಾಫಿಯಾಗುವುದಿಲ್ಲ. ಆದರೆ 125 ಅಥವಾ 144ರಡಿ ವಾರಂಟಿನ ಮೂಲಕ ವಸೂಲಿ ಮಾಡಿಸಲು, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಹುಡುಗನಿಗೆ ಸಿಇಟಿಯಲ್ಲಿ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತು. ಕೊನೆಯ ದಿನದ ಹಿಂದಿನ ಸಂಜೆ ಫೀಸು ಕಟ್ಟಿದ ರಸೀದಿಯ ಫೋಟೋ ತಂದೆಯಿಂದ ಅವನ ಮೊಬೈಲಿಗೆ ಬಂತು. ಕೆಳಗೆ ‘ಚೆನ್ನಾಗಿ ಓದಪ್ಪ’ ಎಂದಿತ್ತು. ಅದಕ್ಕೆ ಏನು ಬರೆಯಬೇಕೆಂದು ತೋಚದೆ ಅವನು ಅಕ್ಕನನ್ನು ಕೇಳಿದ. ಅವಳು ಮೊದಲು ರಸೀದಿಯನ್ನು ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸು ಎಂದಳು.